ಸೋಡಾ ಒಡೆಯುವ ಮುನ್ನ

ಕೋಣಂದೂರು ಬಸ್‌ಸ್ಟ್ಯಾಂಡಿನ ಗೋಲಿಸೋಡಾ ಅಂಗಡಿಯಮ್ಮ, ಎದೆಯುರಿ ಎಂದು ಬಂದವರಿಗೆ ತಕ್ಷಣ ಸೋಡಾ ಒಡೆಯುತ್ತಿರಲಿಲ್ಲ. "ಎಲ್ಲಿ, ತೋರ್ಸಿ" ಎನ್ನುತ್ತಿದ್ದರು. ಕೈ ಹೋದ ಜಾಗವನ್ನೂ ಹಣೆಯನ್ನೂ ನೋಡಿದ ಮೇಲೆಯೇ ನಿಂಬೆಹಣ್ಣು ಕೊಯ್ಯುವುದು.

ಒಮ್ಮೆ ನನ್ನ ಜೊತೆ ಮದುವೆಯೂಟ ಮುಗಿಸಿ ಬಂದ ಮಾವ, "ಗ್ಯಾಸು ಅಮ್ಮ, ಬೇಗ ಕೊಡಿ" ಎಂದರು. ಮುಷ್ಟಿಯಿಂದ ಎದೆಯ ನಡುಭಾಗ ಒತ್ತಿಕೊಂಡಿದ್ದರು. ಚಳಿಯಲ್ಲೂ ಹಣೆ ಬೆವರಿತ್ತು.

"ಸೋಡಾ ಎಲ್ಲೂ ಓಡಿ ಹೋಗಲ್ಲ, ಮೊದ್ಲು ಆಸ್ಪತ್ರೆಗೆ ನಡೀರಿ" ಎಂದ ಅಂಗಡಿಯಮ್ಮ ನಮ್ಮನ್ನು ಅಲ್ಲೇ ನಿಂತಿದ್ದ ಬಾಡಿಗೆ ಜೀಪಿಗೆ ಹತ್ತಿಸಿ ತಾವೂ ಹತ್ತಿದರು. ತೀರ್ಥಹಳ್ಳಿಯ ಡಾಕ್ಟರು ಹೃದಯಾಘಾತ ಎಂದಾಗ ತಿರುಗಿ ನೋಡಿದೆ. ಅಂಗಡಿಯಮ್ಮನ ಕೈಯಲ್ಲಿ ಗೋಲಿ ಒತ್ತುವ ಮರದ ತುಂಡು ಇನ್ನೂ ಹಾಗೇ ಇತ್ತು.

ಎರಡು ತಿಂಗಳ ನಂತರ ಮಾವ ಮತ್ತೆ ಸೋಡಾ ಕೇಳಿದರು.

"ಎಲ್ಲಿ, ತೋರ್ಸಿ."

ಮಾವ ಗಂಟಲು ಮುಟ್ಟಿಕೊಂಡರು. "ಬಾಯಾರಿಕೆ ಅಷ್ಟೆ ಅಮ್ಮ."

ಅಂಗಡಿಯಮ್ಮ ಅವರ ಹಣೆ ನೋಡಿದರು. ಆಮೇಲೆ ಗೋಲಿ ಒತ್ತಿದರು.