ಇದ್ರೀಸರ ಎಲುಬಿನ ಸೂಪು

ಕಾಪುವಿನ ಇದ್ರೀಸರು ತಮ್ಮ ಅರುವತ್ತೆರಡನೆಯ ವಯಸ್ಸಿನಲ್ಲಿ ಅಡುಗೆಮನೆಯ ಮೇಲೆ ದಂಡೆತ್ತಿ ಹೋದರು. ದಂಡು ಎಂದರೆ ಅವರೊಬ್ಬರೇ, ಆಯುಧ ಎಂದರೆ ಒಂದು ಸೌಟು. ಸೌದಿಯ ದಮ್ಮಾಮಿನ ಗೋದಾಮಿನಲ್ಲಿ ದುಡಿದು, ಮೆಸ್ಸಿನ ಊಟ ಉಂಡು ಅರ್ಧ ಆಯುಷ್ಯ ಕಳೆದ ಈ ವೀರರಿಗೆ ಕಂಟೇನರ್ ಇಳಿಸಿ ಅಭ್ಯಾಸವಿತ್ತೇ ಹೊರತು ಒಲೆಯಿಂದ ಅನ್ನ ಇಳಿಸಿ ಇರಲಿಲ್ಲ. ಕುಕ್ಕರ್ ಮೊದಲ ಸಲ ಕೂಗಿದಾಗ ಅವರು ಹಿತ್ತಿಲಿಗೆ ಓಡಿದ್ದನ್ನು ನೆರೆಕರೆಯವರು ಕಣ್ಣಾರೆ ಕಂಡಿದ್ದಾರೆ.

ಓಡಿದವರು ಮರಳಿ ಬಂದರು. ಬೇರೆ ದಾರಿ ಇರಲಿಲ್ಲ. ಹೆಂಡತಿ ಆಸಿಯಮ್ಮನ ಎರಡೂ ಕಿಡ್ನಿ ಕೆಟ್ಟು ವರ್ಷ ಕಳೆದಿತ್ತು. ಡಯಾಲಿಸಿಸ್, ಮತ್ತೆ ಡಯಾಲಿಸಿಸ್. ಕುಡಿಯುವ ನೀರಿಗೆ ಅಳತೆ, ಉಪ್ಪಿಗೆ ಪೂರ್ಣ ನಿಷೇಧ. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಮೀನು ತಿಂದು ತಿಂದು, ಒಂದು ದಿನ ಆಕೆ ತಟ್ಟೆಯನ್ನು ಬೆರಳಿನಿಂದ ಆಚೆ ತಳ್ಳಿದಳು. ಆಮೇಲೆ ದಿನವೂ ತಳ್ಳಿದಳು. ಮಣಿಪಾಲದ ಡಾಕ್ಟರಮ್ಮ ಸುತ್ತುಬಳಸದೆ ಹೇಳಿದರು, ಹೀಗೆ ತಿನ್ನದೆ ಇದ್ದರೆ ಶರೀರ ತಡೆಯುವುದಿಲ್ಲ, ಇನ್ನು ಹೆಚ್ಚು ದಿನ ಇಲ್ಲ.

"ಎಂತ ಬೇಕು ಹೇಳು, ತರ್ತೇನೆ," ಎಂದರು ಇದ್ರೀಸರು.

"ಬೀಫಿನ ಎಲುಬು ಬೇಯಿಸಿದ ನೀರು," ಎಂದಳು ಆಸಿಯಮ್ಮ. "ನನ್ನ ಉಮ್ಮ ಮಾಡ್ತಿದ್ದ ಹಾಗೆ."

ಉಪ್ಪಿಲ್ಲದೆ ಸಣ್ಣ ಲೋಟ ಕೊಡಬಹುದೆಂದು ಡಾಕ್ಟರಮ್ಮ ಒಪ್ಪಿದರು. ದುಬೈಯಲ್ಲಿರುವ ಮಗಳು ಶಿಫಾನಾ ವಿಡಿಯೋ ಕಾಲಿನಲ್ಲಿ ಯುದ್ಧತಂತ್ರ ವಿವರಿಸಿದಳು. "ಬಾಪಾ, ಎಲುಬು ತೊಳೆದು ಸಣ್ಣ ಉರಿಯಲ್ಲಿ ಬೇಯಿಸಿ. ನೊರೆ ತೆಗೀರಿ. ಅಷ್ಟೇ."

"ಎಲುಬು ಎಲ್ಲಿಂದ?"

"ಅದು ನನಗೆಂತ ಗೊತ್ತು? ಇಲ್ಲಿ ಸೂಪರ್ ಮಾರ್ಕೆಟಿನಲ್ಲಿ ಉಂಟು."

ಇಲ್ಲಿ ಇರಲಿಲ್ಲ. ಕಾಪುವಿನ ಬೀಫ್ ಅಂಗಡಿ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಉಡುಪಿಯಲ್ಲಿ ವಿಚಾರಿಸಿದರೆ, ವಿಚಾರಿಸಿದ್ದೇ ತಪ್ಪೆಂಬಂತೆ ನೋಡಿದರು. ಕೊನೆಗೆ ದಮ್ಮಾಮಿನಲ್ಲಿ ಜೊತೆಗಿದ್ದ ಕಾರ್ಕಳದ ಬೆಂಜಮಿನ್‌ಗೆ ಫೋನು ಹೋಯಿತು. ಮಗಳ ಮದುವೆಯ ಮುನ್ನಾದಿನದ ರೋಸಿಗೆ ತಂದದ್ದರಲ್ಲಿ ಉಳಿದ ಎಲುಬು ಫ್ರೀಜರಿನಲ್ಲಿ ಉಂಟು, ಬಂದು ಕೊಂಡುಹೋಗು ಎಂದ ಪುಣ್ಯಾತ್ಮ.

ರಂಝಾನಿನ ಉಪವಾಸ ಹಿಡಿದೇ ಇದ್ರೀಸರು ಕಾರ್ಕಳಕ್ಕೆ ಹೋದರು. ಎಲುಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕಿ, ದಿಗ್ವಿಜಯ ಮುಗಿಸಿದ ರಾಜನ ಗತ್ತಿನಲ್ಲಿ ಪಡುಬಿದ್ರಿಯ ಬಸ್ಸು ಹತ್ತಿದರು. ರಾಜರು ಮಂಜುಗಡ್ಡೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಳ್ಮಣ್ ಬರುವಾಗ ಸೀಟಿನ ಕೆಳಗಿನಿಂದ ತೆಳು ಕೆಂಪು ನೀರು ಹರಿದು ಕಂಡಕ್ಟರನ ಚಪ್ಪಲಿ ಮುಟ್ಟಿತು.

"ಯಾರದ್ದು ಮಾರಾಯ್ರೇ ಈ ಚೀಲ? ಮೀನಾ ಎಂತದು?"

ಈ ಕರಾವಳಿಯಲ್ಲಿ ಸೋರುವ ಮೀನಿನ ಚೀಲಕ್ಕೆ ಯಾರೂ ತಲೆ ಎತ್ತುವುದಿಲ್ಲ. 'ಹೌದು' ಎಂಬ ಒಂದು ಶಬ್ದ ಸಾಕಿತ್ತು. ಆದರೆ ಉಪವಾಸದಲ್ಲಿ ಸುಳ್ಳಾಡಬಾರದು. ನಿಜ ಹೇಳೋಣವೆಂದರೆ, ಹಿಂದಿನ ಸೀಟಿನಲ್ಲಿ ಕುಳಿತಿದ್ದ ಐದಾರು ಹುಡುಗರು ಮಾತು ನಿಲ್ಲಿಸಿ ಚೀಲವನ್ನೇ ನೋಡುತ್ತಿದ್ದರು. ಇದ್ರೀಸರು ಕಿಟಕಿಯಾಚೆ ನೋಡಿದರು. ಅಲ್ಲಿ ಒಂದು ಗೇರುಮರವಿತ್ತು. ಗೇರುಮರವನ್ನು ಅಷ್ಟು ಭಕ್ತಿಯಿಂದ ಯಾರೂ ನೋಡಿರಲಾರರು.

"ಯಾರದ್ದೂ ಅಲ್ವಾ? ಹಾಗಾದ್ರೆ ಬಿಸಾಡುದೇ." ಚೀಲ ಬಾಗಿಲಿನಿಂದ ಹಾರಿ ಚರಂಡಿಗೆ ಬಿತ್ತು. ಹುಡುಗರು ಮತ್ತೆ ಕ್ರಿಕೆಟ್ಟಿನ ಮಾತಿಗೆ ಇಳಿದರು. ಅವರು ಮೊದಲೂ ಅದನ್ನೇ ಮಾತಾಡುತ್ತಿದ್ದರು.

ಮರುದಿನ ಇದ್ರೀಸರು ಕೋಳಿಕಾಲು ಬೇಯಿಸಿ ಕೊಟ್ಟರು. ಆಸಿಯಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಇದು ಕೋಳಿ ಮಿಂದ ನೀರು."

ಸೋತ ಸೇನಾಪತಿ ಕಪಾಟು ತಡಕಾಡಿದರು. ಶಿಫಾನಾ ಎಂದೋ ಕಳಿಸಿದ ಕಾರ್ಟನ್ನಿನಲ್ಲಿ, ಹಾಲಿನ ಪುಡಿಯ ಹಿಂದೆ, ಸಣ್ಣದೊಂದು ಪೆಟ್ಟಿಗೆ. ಮೇಲೆ ಕೋಡಿನ ಎತ್ತಿನ ಚಿತ್ರ, ಒಳಗೆ ಬೆಳ್ಳಿಕಾಗದ ಸುತ್ತಿದ ಸೂಪಿನ ಚೌಕ ಬಿಲ್ಲೆಗಳು. ಇಡೀ ಎತ್ತನ್ನು ಹೆಬ್ಬೆರಳಷ್ಟಕ್ಕೆ ಇಳಿಸಿದ ಜಾಣರು ಯಾರೋ! ಬಿಸಿನೀರಿಗೆ ಹಾಕಿದರೆ ಮನೆ ತುಂಬ ಪರಿಮಳ. ಇದ್ರೀಸರು ಮೆಣಸು ಜಜ್ಜಿ ಹಾಕಿದರು, ಬೆಳ್ಳುಳ್ಳಿ ಹಾಕಿದರು. ಉಪ್ಪಿನ ಭರಣಿಯತ್ತ ತಿರುಗಿಯೂ ನೋಡಲಿಲ್ಲ. ರುಚಿ ನೋಡಲು ಉಪವಾಸ ಬಿಡಲಿಲ್ಲ.

ಆಸಿಯಮ್ಮ ಮೊದಲ ಗುಟುಕು ಬಾಯಲ್ಲೇ ಇಟ್ಟುಕೊಂಡು ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಲೋಟ ಬರಿದು ಮಾಡಿ, ತಳಕ್ಕೆ ಬೆರಳು ಹಾಕಿ ನೆಕ್ಕಿದಳು.

"ಹೇಗುಂಟು?"

"ಉಂಟು," ಎಂದಳು. "ನಾಳೆಯೂ ಮಾಡಿ."

ನಾಳೆಯೂ ಆಯಿತು, ನಾಡಿದ್ದೂ ಆಯಿತು. ಸೂಪಿನ ಜೊತೆ ಆಕೆ ಅನ್ನವನ್ನೂ ಉಂಡಳು. ಉತ್ಸಾಹ ಏರಿದ ಇದ್ರೀಸರು ಬಿಲ್ಲೆ ಒಂದಿದ್ದದ್ದನ್ನು ಎರಡು ಮಾಡಿದರು. ಮಸೀದಿಯಲ್ಲಿ ತಮ್ಮ ಕೈಗುಣದ ವರ್ಣನೆ ಮಾಡಿದರು. ಆಕೆಯ ಪಾದ ಊದಿದ್ದನ್ನು ಕಂಡು, ಮೈ ಕೈ ತುಂಬಿಕೊಳ್ಳುತ್ತಿದೆ ಎಂದು ಅಲ್ಲಾಹನಿಗೆ ಶುಕ್ರ್ ಹೇಳಿದರು.

ಜುಮಾ ನಮಾಝ್ ಮುಗಿಸಿ ಮನೆಗೆ ಬಂದಾಗ ಆಸಿಯಮ್ಮ ಮಂಚದ ಅಂಚು ಹಿಡಿದು ಕುಳಿತು, ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಉಸಿರಿನೊಂದಿಗೆ ಗೊರಗೊರ ಸದ್ದು. ಆಂಬುಲೆನ್ಸಿನಲ್ಲಿ ಮಣಿಪಾಲ ಮುಟ್ಟುವಾಗ ಆಕೆಯ ತುಟಿ ನೀಲಿಯಾಗಿತ್ತು.

"ಶ್ವಾಸಕೋಶದಲ್ಲಿ ನೀರು ತುಂಬಿದೆ. ಉಪ್ಪು ಕೊಟ್ಟಿದ್ದೀರಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಮ್. ಒಂದು ಹರಳು ಹಾಕಿದ್ದರೆ ನನ್ನ ಕೈ ಬಿದ್ದುಹೋಗಲಿ. ಬರೀ ಸೂಪು, ಬಿಲ್ಲೆಯದ್ದು."

ಡಾಕ್ಟರಮ್ಮನ ಪೆನ್ನು ನಿಂತಿತು. "ಬಿಲ್ಲೆ ಅಂದ್ರೆ ಅರ್ಧಕ್ಕಿಂತ ಹೆಚ್ಚು ಉಪ್ಪೇ ಅಲ್ವಾ? ಒಂದು ಸಲವೂ ರುಚಿ ನೋಡ್ಲಿಲ್ವಾ ನೀವು?"

ಇದ್ರೀಸರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಉಪವಾಸ ಕಾಪಾಡಿಕೊಂಡು ಹೆಂಡತಿಯನ್ನು ಮುಳುಗಿಸಿದ ಸಾಹಸವನ್ನು ಯಾವ ಭಾಷೆಯಲ್ಲಿ ಹೇಳುವುದು?

ಯಂತ್ರ ಆಕೆಯ ಮೈಯಿಂದ ನೀರು ಹಿಂಡಿತು. ಎರಡು ದಿನ ಕಳೆದು ಆಸಿಯಮ್ಮ ಕಣ್ಣು ಬಿಟ್ಟಳು. ಇದ್ರೀಸರು ಮಂಚದ ಪಕ್ಕ ಕುಳಿತು, "ನನಗೆ ಗೊತ್ತಿರಲಿಲ್ಲ ಆಸಿಯಾ. ಅದರಲ್ಲಿ ಉಪ್ಪು ಉಂಟು ಅಂತ ಗೊತ್ತಿರಲಿಲ್ಲ," ಎಂದರು.

"ನನಗೆ ಗೊತ್ತಿತ್ತು."

"ಎಂತ?"

"ಮೊದಲ ಗುಟುಕಿಗೇ. ನಾಲಗೆ ಸತ್ತಿಲ್ಲ ಅಲ್ವಾ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮರುದಿನ ಕೊಡ್ತಿದ್ದಿರಾ?"

ಇದ್ರೀಸರಿಗೆ ಕೋಪ ಬಂತು. ಕೂಗಾಡಲು ವಾರ್ಡು ತಕ್ಕ ಜಾಗವಲ್ಲದ ಕಾರಣ ಕೋಪ ಗಂಟಲಲ್ಲೇ ಕುದಿದು ಆರಿತು. "ನೀನು ಹೋದ್ರೆ ನಾನೆಂತ ಮಾಡ್ಲಿ?" ಎಂದಷ್ಟೇ ಕೇಳಿದರು.

"ಅಡುಗೆ ಕಲ್ತಿದ್ದೀರಲ್ಲ," ಎಂದಳು ಆಸಿಯಮ್ಮ.

ಈದ್ ಕಳೆದ ಮೇಲೆ ಬೆಂಜಮಿನ್ ತಾನೇ ಕಾರಿನಲ್ಲಿ ಎಲುಬು ತಂದುಕೊಟ್ಟ. ಇದ್ರೀಸರು ಸಣ್ಣ ಉರಿಯಲ್ಲಿ ಬೇಯಿಸಿದರು, ನೊರೆ ತೆಗೆದರು. ಈ ಸಲ ತಾವೇ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಒದ್ದೆ ಕಟ್ಟಿಗೆ ನೆಕ್ಕಿದ ಹಾಗಿತ್ತು. ಇಂಥದ್ದನ್ನೇ ಆಕೆ ವರ್ಷವಿಡೀ ತಿಂದಿದ್ದಳು.

ಅದನ್ನೇ ಲೋಟಕ್ಕೆ ಬಗ್ಗಿಸಿ ತಂದರು. ಆಸಿಯಮ್ಮ ಮೂಸಿ ನೋಡಿದಳು. "ಆ ಬಿಲ್ಲೆ ಒಂದು ಚೂರು ಹಾಕಿ. ಉಗುರಿನಷ್ಟು."

"ಇಲ್ಲ."

"ಉಗುರಿನಷ್ಟು ಸಾಕು."

"ಇಲ್ಲ ಆಸಿಯಾ. ಪೆಟ್ಟಿಗೆ ಬಿಸಾಡಿದ್ದೇನೆ."

ಆಕೆ ತುಟಿ ಬಿಗಿದಳು. ಇದ್ರೀಸರು ಚಮಚ ಆ ತುಟಿಗೆ ಹಿಡಿದರು. ಚಮಚ ತುಳುಕಿ ಹೊದಿಕೆಯ ಮೇಲೆ ಒಂದೆರಡು ಹನಿ ಬಿದ್ದವು. ಕೈ ಹಿಂದೆ ಸರಿಯಲಿಲ್ಲ.

"ಬಾಯಿಗೆ ಹಾಕಿದ್ರೆ ನುಂಗ್ತೇನೆ," ಎಂದಳು ಆಸಿಯಮ್ಮ. "ಆದ್ರೆ ಆಸಿಯಾ ಇಷ್ಟಪಟ್ಟು ಉಂಡಳು ಅಂತ ಯಾರ ಹತ್ರವೂ ಹೇಳ್ಬೇಡಿ."

ಬಾಯಿ ತೆರೆದಳು. ನುಂಗಿದಳು. ಇದ್ರೀಸರು ಮತ್ತೊಂದು ಚಮಚ ತುಂಬಿದರು.