ಹಾಡಿನ ನಡುವೆ ಬಿಟ್ಟ ಜಾಗ

ಗುಂಡಿ ಮಾಸ್ತರ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಕೆಟ್ಟು ಕೂತ ಕೀಬೋರ್ಡು, ಸಿಂಥಸೈಜರು ಏನೇ ತಂದುಕೊಡಿ, ಅದರ ಹೊಟ್ಟೆ ಬಿಚ್ಚಿ, ಗುಂಡಿಗಳ ಧೂಳು ತೆಗೆದು ಮತ್ತೆ ಹಾಡಿಸುವ ಆಸಾಮಿ. ಬಾಯಿಗೆ ಬೀಗ ಜಡಿದುಕೊಂಡೇ ಹುಟ್ಟಿದವನು ಅಂತ ಅವನ ಅಕ್ಕ ಆಡಿಕೊಳ್ಳುತ್ತಿದ್ದಳು.

ಹಿಂದೆ ಅವನೂ ಅವನ ಹೆಂಡತಿಯೂ ಸೇರಿ ಸಿಂಥಸೈಜರಿನ ಸ್ವರಗಳಿಂದಲೇ ಸಿಂಥ್-ಪಾಪ್ ಹಾಡು ಕಟ್ಟುತ್ತಿದ್ದರು. ಅವನು ತಾಳ ಕೂರಿಸಿ, ಸ್ವರದ ಮೇಲೆ ಸ್ವರ ಹಾಸಿ, ನಡುವೆ ಒಂದಷ್ಟು ಜಾಗ ಖಾಲಿ ಬಿಡುತ್ತಿದ್ದ. ಇಲ್ಲಿ ನೀನು ಹಾಡು ಎಂದು ಒಂದು ದಿನವೂ ಹೇಳಿದವನಲ್ಲ. ಆ ಜಾಗ ಬಂದ ಕೂಡಲೇ ಅವಳೇ ದನಿ ತೆಗೆಯುತ್ತಿದ್ದಳು. ಹಾಡಿಗೆ ಸಾಕಾದದ್ದು ಸಂಸಾರಕ್ಕೆ ಸಾಲಲಿಲ್ಲ. ಗೋಡೆಯ ಜೊತೆ ಎಷ್ಟು ದಿನ ಬಾಳಲಿ ಎಂದು ಅವಳು ಬೇರೆ ಮನೆ ಮಾಡಿಕೊಂಡು ಹೋದಳು.

ವರ್ಷಗಳು ಕಳೆದ ಮೇಲೆ ಹಾಡು ಹೊರತರುವ ಕಂಪನಿಯವರು ಆ ಹಾಡುಗಳ ರೀಮಿಕ್ಸ್ ಆಲ್ಬಮ್ ಮಾಡಿಕೊಡು ಎಂದರು. ದನಿ ಅವಳದು, ಅವಳು ಬಂದು ಕೇಳಿ ಒಪ್ಪಬೇಕು. ಮಾಸ್ತರನ ಎದೆಯೊಳಗೆ ಆಸೆ ಕಣ್ಣು ಬಿಟ್ಟಿತು. ಅಂಗಡಿಯ ಹಿಂದಿನ ಕೋಣೆ ಹೊಕ್ಕು, ಅವಳ ಹಳೆಯ ದನಿಯನ್ನು ತುಂಡರಿಸಿ ಜೋಡಿಸಿದ, ತಾಳ ಚುರುಕು ಮಾಡಿದ. ಪ್ರತಿ ಹಾಡಿನ ನಡುವೆಯೂ ತಾಳವೊಂದನ್ನೇ ಉಳಿಸಿ ಜಾಗ ಬಿಟ್ಟ. ಅಲ್ಲಿ ಅವಳು ಹೊಸದಾಗಿ ಹಾಡಿದರೆ ಮನೆಗೂ ಬಂದಾಳು ಎಂಬ ಲೆಕ್ಕ ಅವನದು.

ಊಟ ತಂದ ಅಕ್ಕ ಕಿವಿಗೊಟ್ಟಳು. "ಇದೇನೋ, ನಡುವೆ ಹಲ್ಲು ಬಿದ್ದ ಬಾಯಿ ಥರ ಇದೆ?"

"ಅದು ಅವಳಿಗೆ."

"ಹಾಗಂತ ಅವಳಿಗೆ ಹೇಳಿದ್ದೀಯಾ?"

"ಕೇಳಿದ್ರೆ ಗೊತ್ತಾಗತ್ತೆ ಬಿಡಕ್ಕ."

"ಗೊತ್ತಾಗತ್ತೆ, ಗೊತ್ತಾಗತ್ತೆ ಅಂತಾನೇ ಇಲ್ಲಿಗೆ ಬಂದು ಕೂತಿದ್ದೀಯ. ಬಾಯಿ ಬಿಟ್ರೆ ಮುತ್ತೇನೂ ಉದುರಲ್ಲ, ಕೇಳೋ."

ಹಾಡು ಕೇಳಲು ಹೆಂಡತಿ ಬಂದಳು. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತಳು. ಮೊದಲ ಜಾಗ ಬಂತು. ಮಾಸ್ತರ ಅವಳ ತುಟಿಯನ್ನೇ ನೋಡಿದ. ತುಟಿ ಅಲುಗಲಿಲ್ಲ, ಬೆರಳು ಮಾತ್ರ ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಮುಂದಿನದೂ ಹಾಗೇ ಹೋಯಿತು. ಕೊನೆಯದೂ.

ಹೆಡ್‌ಫೋನ್ ತೆಗೆದಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಇನ್ನೂ ನಂಗೋಸ್ಕರ ಕಾಯ್ತಿದ್ದೀಯೇನೋ ಅಂತ ಹೆದರಿಕೊಂಡೇ ಬಂದೆ ಕಣೋ. ನಾನು ಹಾಡ್ತಿದ್ದ ಜಾಗಾನ ಖಾಲಿ ಬಿಟ್ಟೇ ಹಾಡು ಮುಗಿಸಿದ್ದೀಯಲ್ಲ, ಅದೇ ಸರಿ. ನಮ್ಮದು ಮುಗೀತು ಅನ್ನೋದು ನಿಂಗೂ ಅರ್ಥ ಆಗಿದೆ. ನಂಗೆ ಅಷ್ಟೇ ಸಾಕು."

ಅದು ನಿನಗೇ ಬಿಟ್ಟ ಜಾಗ ಎನ್ನಲು ಹೊರಟ. ಎಷ್ಟೋ ವರ್ಷದ ಮೇಲೆ ಅವಳ ಮುಖ ಹಗುರಾಗಿತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

"ಹೂಂ," ಎಂದ.

ಮರುದಿನ ಕಂಪನಿಯವನ ಫೋನು. "ಮಾಸ್ತರೇ, ನಡುವೆ ಬರೀ ತಾಳ ಬಡ್ಕೊಳ್ತಾ ಇದೆ. ಕೇಳೋರು ರೆಕಾರ್ಡೇ ಹಾಳಾಗಿದೆ ಅಂದ್ಕೋತಾರೆ. ಒಳ್ಳೇ ಗಾಯಕಿ ಒಬ್ಳಿದ್ದಾಳೆ, ಅವಳ ಕೈಲಿ ತುಂಬಿಸಿಬಿಡೋಣ."

"ಬೇಡ. ಅಲ್ಲಿ ಯಾರೂ ಹಾಡೋದು ಬೇಡ. ಅವಳಿಗೆ ಹಿಡಿಸಿರೋದೇ ಅದು. ಹಾಗೇ ಇರ್ಲಿ."

ಅಷ್ಟು ಮಾತು ಒಂದೇ ಉಸಿರಿಗೆ ಅವನ ಬಾಯಿಂದ ಬಂದದ್ದನ್ನು ಕೇಳಿ, ಒಳಗೆ ಬರುತ್ತಿದ್ದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.