ಮೂರನೇ ಗೇರು

ಬೆಂಗೇರಿಯ ಓಣಿಗಳಲ್ಲಿ ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಸಣ್ಣ ಕಸದ ಗಾಡಿ ಇದೆಯಲ್ಲ, ಅದರ ಡ್ರೈವರ್ ನಾನು. ನಾಲ್ಕು ವರ್ಷ ಅದನ್ನೇ ಓಡಿಸಿ ಸಾಕಾಗಿತ್ತು. ದೊಡ್ಡ ಲಾರಿಯ ಲೈಸೆನ್ಸ್ ತೆಗೆಸುತ್ತೇನೆ ಎಂದಾಗ ನಮ್ಮ ಸೂಪರ್‌ವೈಸರ್ ನಕ್ಕ. "ಅಕ್ಕಾರ, ಲಾರಿ ಗೇರ್ ಹಾಕಾಕ ರಟ್ಟಿ ಗಟ್ಟಿ ಬೇಕ್ರಿ," ಎಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಅರ್ಧಾ ಊರಿನ ಕಸಾ ಎತ್ತಿದ ರಟ್ಟಿ ಇವು, ನೋಡ್ತೀರೇನ್ರಿ?" ಎಂದು ತೋಳು ಮುಂದೆ ಮಾಡಿ ಕೇಳಿ, ಅವತ್ತೇ ಮಧ್ಯಾಹ್ನ ಗೋಕುಲ ರಸ್ತೆಗೆ ಹೋದೆ.

ಅಲ್ಲಿ ನಮ್ಮ ಓಣಿಯ ಚಾಚಾ ಲಾರಿ ಗ್ಯಾರೇಜ್ ಇಟ್ಟಿದ್ದಾರೆ. ರಿಪೇರಿಯಾದ ಲಾರಿಯನ್ನು ಓಡಿಸಿ ನೋಡುವಾಗ ನನ್ನನ್ನು ಸ್ಟೇರಿಂಗಿಗೆ ಕೂರಿಸಿ ಕಲಿಸಲು ಒಪ್ಪಿದರು. "ಕ್ಲಚ್ ತುಳಿ, ನ್ಯೂಟ್ರಲ್ಲಿಗೆ ತಾ, ಕಾಲ್ ಬಿಡು. ಮತ್ತ ತುಳಿ, ಆಮ್ಯಾಲ ಗೇರ್ ಹಾಕು. ಹಳೇ ಗಾಡಿ ಐತವ್ವಾ, ಅದನ್ನ ಎರಡ ಸಲ ಕೇಳಬೇಕು." ಗೇರ್ ಏರಿಸುವುದು ಬೇಗ ಬಂತು. ಇಳಿಸುವುದು ಬರಲಿಲ್ಲ. ನಾಲ್ಕರಿಂದ ಮೂರಕ್ಕೆ ತರುವಾಗ ನಡುವೆ ಒಂದಿಷ್ಟು ಎಕ್ಸಲರೇಟರ್ ಒತ್ತಬೇಕು; ಮರೆತರೆ ಒಳಗೆ ಕರಕರ ಸದ್ದು. ಚಾಚಾ ತಮ್ಮದೇ ದವಡೆ ಹಲ್ಲು ಕಿತ್ತಂತೆ ಮುಖ ಮಾಡುತ್ತಿದ್ದರು. "ಇಳಿಜಾರಿನ್ಯಾಗ ಗೇರ್ ಗಾಡೀನ್ನ ಹಿಡೀತೈತಿ. ಗೇರ್ ಇಲ್ಲಂದ್ರ ಬ್ರೇಕ್ ಒಂದ ಗತಿ. ಬ್ರೇಕ್ ಕಾದ್ರ ಮುಗೀತು ಕಥಿ," ಎನ್ನುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡದ್ದು ಇನ್ನೊಂದಕ್ಕೆ. ಲಾರಿ ಹತ್ತಿ ಕೂತ ಕೂಡಲೇ ಕ್ಲಚ್ ತುಳಿದು, ಲಿವರ್ ಅಲ್ಲಾಡಿಸಿ, ನ್ಯೂಟ್ರಲ್ಲಿಗೆ ತರಬೇಕು. ಗೇರಿನಲ್ಲಿರುವ ಗಾಡಿಯನ್ನು ಚಾಲೂ ಮಾಡಿದರೆ ಮುಂದೆ ನಿಂತವನ ಜೀವ ಹೋಗುತ್ತದೆ. ಹದಿನೈದು ದಿನದಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಸೀಟಿನಲ್ಲಿ ಕೂತರೆ ಸಾಕು, ನನ್ನ ಎಡಗೈ ನನ್ನನ್ನು ಕೇಳದೆಯೇ ಲಿವರಿಗೆ ಹೋಗುತ್ತಿತ್ತು.

ಅದೇ ಹೊತ್ತಿಗೆ, ಕಾರವಾರ ರಸ್ತೆಯ ಘಟ್ಟದಲ್ಲಿ ಗುಡ್ಡಕ್ಕೆ ಗುದ್ದಿದ ಒಂದು ಲಾರಿಯನ್ನು ಎಳೆದು ತಂದು ಗ್ಯಾರೇಜಿನ ಹಿಂದೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಅದರ ಡ್ರೈವರ್ ತೀರಿಕೊಂಡಿದ್ದ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಟ್ಟಿದ್ದ, ತನ್ನ ಕೈಯಾರೆ ಸತ್ತ ಎಂದು ಜನ ಆಡಿಕೊಳ್ಳುತ್ತಿದ್ದರು. ಗೇರನ್ನು ಹಿಂದಿನ ಗಾಲಿಗೆ ಜೋಡಿಸುವ ಕೆಳಗಿನ ಶಾಫ್ಟ್ ಬಿಚ್ಚಿ ಎಳೆದು ತಂದಿದ್ದರಿಂದ ಗೇರನ್ನು ಯಾರೂ ಮುಟ್ಟಿರಲಿಲ್ಲ. ಚಾಚಾ ಎಲ್ಲರನ್ನೂ ಕರೆದು ಹೇಳಿದರು: "ಆ ಗಾಡಿ ಗೇರ್ ಯಾರೂ ಮುಟ್ಟಬ್ಯಾಡ್ರಿ. ಸತ್ತಾಂವನ ಅಪ್ಪಾರು ಬರಾವ್ರು ಅದಾರ, ಅವರೂ ಡ್ರೈವರ್ ಇದ್ದಾವ್ರ. ಮಗಾ ನ್ಯೂಟ್ರಲ್‌ನ್ಯಾಗ ಇದ್ದನೋ, ಗೇರ್‌ನ್ಯಾಗ ಇದ್ದನೋ, ತಾವ ಕಣ್ಣಿಲೆ ನೋಡಬೇಕಂತ. ಅವರಕಿಂತ ಮೊದಲ ನಾನೂ ನೋಡಾಂವಲ್ಲ."

ನನ್ನ ಲೈಸೆನ್ಸ್ ಪರೀಕ್ಷೆಗೆ ಒಂದು ವಾರವಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು, ಗ್ಯಾರೇಜಿನಲ್ಲಿ ಬೇರೆ ಲಾರಿ ಇರಲಿಲ್ಲ. ಲಿವರ್ ಮುಟ್ಟುವುದು ಬೇಡ, ಕಾಲಿನ ಅಭ್ಯಾಸವಷ್ಟೇ ಮಾಡೋಣ ಎಂದುಕೊಂಡು ಆ ಲಾರಿ ಹತ್ತಿದೆ. ಸೀಟಿನ ಬಟ್ಟೆಗೆ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಕನ್ನಡಿಯ ಹಿಂದೆ ಅವನ ಬಾಚಣಿಗೆ ಸಿಕ್ಕಿಸಿದ್ದು ಹಾಗೆಯೇ ಇತ್ತು. ಅದನ್ನು ನೋಡುತ್ತಾ ಕೂತೆ. ಕೂತದ್ದೇ ತಡ, ಕಾಲು ಕ್ಲಚ್ ತುಳಿಯಿತು, ಎಡಗೈ ಲಿವರ್ ಅಲ್ಲಾಡಿಸಿ ನ್ಯೂಟ್ರಲ್ ಮಾಡಿಬಿಟ್ಟಿತು.

ಕೈ ಹಿಂದಕ್ಕೆ ಎಳೆದುಕೊಂಡೆ. ಅದು ಗೇರಿನಲ್ಲಿತ್ತೋ, ಮೊದಲೇ ನ್ಯೂಟ್ರಲ್ಲಿನಲ್ಲಿತ್ತೋ? ನೋಡಿರಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಕೈಗೆ ಏನೂ ನೆನಪಿರಲಿಲ್ಲ. "ಅಯ್ಯ ಹಾಳಾದವಳ, ಏನ ಮಾಡಿದೀ" ಎಂದು ನನಗೆ ನಾನೇ ಬೈದುಕೊಂಡು ಇಳಿದು ಓಡಿದೆ. ಚಾಚಾಗೆ ಹೇಳುವ ಧೈರ್ಯ ಬರಲಿಲ್ಲ.

ಮರುದಿನ ಮಧ್ಯಾಹ್ನ ಕಳ್ಳಿಯ ಹಾಗೆ ಹೋಗಿ ಬಾಗಿಲು ತೆಗೆದೆ. ಲಿವರ್ ಮುಂದಕ್ಕೆ ಹೋಗಿ ಮೂರನೇ ಗೇರಿನಲ್ಲಿ ಕೂತಿತ್ತು. ನಾನೇ ಗಾಬರಿಯಲ್ಲಿ ತಪ್ಪಿದೆನೇನೋ ಎಂದುಕೊಂಡು ಹತ್ತಿ, ಈ ಸಲ ಕಣ್ಣಿಟ್ಟು ನೋಡುತ್ತಾ ನ್ಯೂಟ್ರಲ್ಲಿಗೆ ತಂದೆ. ಅದರ ಮರುದಿನ ಮತ್ತೆ ಮೂರರಲ್ಲಿತ್ತು. ಲಿವರಿನ ತುದಿಯ ಗುಂಡು ಒದ್ದೆಯಾಗಿತ್ತು, ಬೆವರಿದ ಅಂಗೈಯನ್ನು ಯಾರೋ ಈಗಷ್ಟೇ ಎತ್ತಿದ ಹಾಗೆ. ಗಿಡದ ನೆರಳಲ್ಲಿ ನಿಂತ ಗಾಡಿ, ಕಿಟಕಿಗಳೆಲ್ಲ ಮುಚ್ಚಿದ್ದವು. ಗೋಕುಲ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಲೇ ಇದ್ದರು, ಒಳಗೆ ಮಾತ್ರ ಒಂದು ನೊಣದ ಸದ್ದೂ ಇರಲಿಲ್ಲ.

ಹೆದರಿಕೆ ಹೆಚ್ಚಾದರೆ ನನಗೆ ಸಿಟ್ಟು ಬರುತ್ತದೆ. ಗ್ಯಾರೇಜಿನವರೇ ಯಾರೋ ಆಟ ಆಡುತ್ತಿದ್ದಾರೆ, ಹಿಡಿದು ಮುಖಕ್ಕೆ ಉಗಿಯುತ್ತೇನೆ ಎಂದುಕೊಂಡೆ. ಲಿವರನ್ನು ನ್ಯೂಟ್ರಲ್ಲಿಗೆ ತಂದು, ಕಸದ ಚೀಲ ಕಟ್ಟುವ ಸುತಳಿಯಿಂದ ಸೀಟಿನ ಕಬ್ಬಿಣಕ್ಕೆ ಬಿಗಿದೆ. ಗಂಟು ನನ್ನದೇ ರೀತಿಯದು, ಬೇರೆಯವರು ಬಿಚ್ಚಿ ಕಟ್ಟಿದರೆ ಗೊತ್ತಾಗುತ್ತದೆ.

ಮರುದಿನ ನಾನು ಹೋಗುವಷ್ಟರಲ್ಲಿ ಸತ್ತವನ ಅಪ್ಪ ಬಂದು ಕೂತಿದ್ದರು. ಕಲಘಟಗಿ ಕಡೆಯ ಹಿರಿಯರು, ತೆಳ್ಳಗಿನ ಮನುಷ್ಯ. ಚಹಾ ಕೊಟ್ಟರೂ ಕುಡಿದಿರಲಿಲ್ಲ. "ಗೇರ್ ಯಾರೂ ಮುಟ್ಟಿಲ್ಲ ಹೌದಲ್ರಿ?" ಎಂದು ಚಾಚಾನನ್ನು ಕೇಳುತ್ತಿದ್ದರು. ಚಾಚಾ, "ಅಲ್ಲಾನ ಆಣಿ, ಯಾರೂ ಮುಟ್ಟಿಲ್ರಿ," ಎಂದರು.

ನನಗೆ ತಡೆದುಕೊಳ್ಳಲಾಗಲಿಲ್ಲ. "ನಾ ಮುಟ್ಟೇನ್ರಿ ಕಾಕಾ," ಎಂದು ಹಿರಿಯರಿಗೆ ಹೇಳಿದೆ. ಚಾಚಾ ಕೈಯಲ್ಲಿದ್ದ ಬೋಲ್ಟ್ ಬಿಚ್ಚುವ ಪಾನಾ ನೆಲಕ್ಕೆ ಒಗೆದರು. ನನ್ನ ಕೈ ಮಾಡಿದ್ದು, ಮೂರನೇ ಗೇರು, ಸುತಳಿ, ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತೆ. ಹಿರಿಯರು ಎದ್ದು ಲಾರಿಯ ಕಡೆ ನಡೆದರು.

ಬಾಗಿಲು ತೆಗೆದು ಮೂವರೂ ಹತ್ತಿದೆವು. ಲಿವರ್ ನ್ಯೂಟ್ರಲ್ಲಿನಲ್ಲಿತ್ತು, ಸುತಳಿ ಕಟ್ಟಿದ ಹಾಗೆಯೇ ಇತ್ತು. ಆದರೆ ನಾನು ಕಟ್ಟಿದ ಗಂಟು ಗುರುತು ಸಿಗದಷ್ಟು ಬಿಗಿದು ಕಲ್ಲಾಗಿತ್ತು. ಹಗ್ಗದ ಎಳೆಗಳು ಅಲ್ಲಲ್ಲಿ ಹರಿದಿದ್ದವು, ಲಿವರಿನ ಕಡೆಯಿಂದ ಬಲವಾಗಿ ಜಗ್ಗಿದಂತೆ. ಹಿರಿಯರು ಗಂಟನ್ನು ಬೆರಳಿಂದ ಸವರಿ ನೋಡಿದರು. "ಚಾಕು ಕೊಡ್ರಿ," ಎಂದರು. ಚಾಚಾ ಕೊಟ್ಟರು. "ನೀವಿಬ್ಬರೂ ಕೆಳಗ ಇಳೀರಿ," ಎಂದರು.

ನಾವು ಕೆಳಗೆ ನಿಂತೆವು. ಕಿಟಕಿಯಲ್ಲಿ ಅವರ ತಲೆ, ಹೆಗಲು ಕಾಣುತ್ತಿದ್ದವು; ಕೈ ಕಾಣುತ್ತಿರಲಿಲ್ಲ. ಸುತಳಿ ಕೊಯ್ದದ್ದು ಕೇಳಿಸಿತು. ಆಮೇಲೆ ಎಷ್ಟೋ ಹೊತ್ತು ಅವರ ಹೆಗಲು ಅಲ್ಲಾಡಲಿಲ್ಲ. ಒಳಗೆ ಖಟ್ ಎಂದಿತು. ಗೇರ್ ಬಿದ್ದ ಸದ್ದು, ಅಷ್ಟು ದಿನದಲ್ಲಿ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಯಾರ ಕೈ ಹಾಕಿತು ಎಂದು ನಾನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಹಿರಿಯರು ಇಳಿದು ಬಂದರು. ಮುಖವೆಲ್ಲ ಒದ್ದೆ. "ಮೂರನೇದ್ರಾಗ ಇದ್ದಾ ರೀ ನನ್ನ ಮಗಾ," ಎಂದರು. ಚಾಚಾ ಅವರ ಹೆಗಲು ಹಿಡಿದು, "ನಂಗ ಗೊತ್ತಿತ್ರಿ. ನೀವ ಕಲಿಸಿದಾವ್ರು, ತಪ್ಪ ಹೆಂಗ ಮಾಡ್ತಾನ?" ಎಂದರು.

ಹಿರಿಯರು ಅಲ್ಲ ಎಂದು ತಲೆ ಅಲ್ಲಾಡಿಸಿದರು.

"ನಾ ಕಲಿಸಿದ್ದು ನ್ಯೂಟ್ರಲ್ ರೀ. ನನ್ನ ಆಯುಷ್ಯದಾಗ ಎಲ್ಲಾ ಘಟ್ಟಾನೂ ನ್ಯೂಟ್ರಲ್ ಹಾಕೇ ಇಳಿಸೇನಿ. ಅಂವಗೂ ಹಂಗ ಇಳಸು ಅಂತ ಹೊಡದು ಕಲಿಸೇನಿ. ಪುಣ್ಯಾತ್ಮ, ನನ್ನ ಮಾತ ಕೇಳಿಲ್ಲ ನೋಡ್ರಿ."